ಹಡಗು ಕಳೆದುಕೊಂಡವರ ದುಡ್ಡು ಯಾರ ಕೈಗೆ ಬಂತು?

ನಮಗೆ ಯಾರೋ ಕೊಡಬೇಕಾದ ದುಡ್ಡನ್ನು ನಮ್ಮದೇ ಸರ್ಕಾರ ತನ್ನ ಬಾಕಿಗೆ ವಜಾ ಮಾಡಿಕೊಂಡರೆ ನಾವು ಯಾರನ್ನು ಕೇಳಬೇಕು? ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಬೇರೇನೋ ಹುಡುಕುತ್ತಿದ್ದಾಗ ಅಮೆರಿಕದ ಒಂದು ಹಳೆಯ ತೀರ್ಪು ಸಿಕ್ಕಿತು. ಗ್ರೇ ವಿರುದ್ಧ ಯುನೈಟೆಡ್ ಸ್ಟೇಟ್ಸ್, 1886ನೇ ಇಸವಿ. ಓದಲು ಕೂತವನಿಗೆ ಮೊದಲ ಪುಟದಲ್ಲೇ ಅಚ್ಚರಿಯಾಯಿತು. ಕೇಸು ಇದ್ದದ್ದು 1800ಕ್ಕೂ ಮುಂಚೆ ಫ್ರೆಂಚರು ಸಮುದ್ರದಲ್ಲಿ ಹಿಡಿದುಕೊಂಡು ಹೋದ ವ್ಯಾಪಾರದ ಹಡಗಿನ ಬಗ್ಗೆ. ತೀರ್ಪು ಬರುವ ಹೊತ್ತಿಗೆ ಹಡಗು ಕಳೆದುಕೊಂಡವರು ಯಾರೂ ಉಳಿದಿರಲಿಲ್ಲ. ಹಿಡಿದವರೂ ಇರಲಿಲ್ಲ. ಹಿಡಿಯಲು ಅಪ್ಪಣೆ ಕೊಟ್ಟ ಫ್ರೆಂಚ್ ಸರ್ಕಾರವೇ ಹೋಗಿ, ಅದರ ನಂತರ ಎಷ್ಟೋ ಸರ್ಕಾರಗಳು ಬಂದು ಹೋಗಿದ್ದವು. ಆದರೂ ಕೇಸು ಬದುಕಿತ್ತು. ಅದೂ ಫ್ರಾನ್ಸ್ ಮೇಲಲ್ಲ, ಅಮೆರಿಕದ ಸರ್ಕಾರದ ಮೇಲೆ.

ಇದು ಹೇಗಾಯಿತು ಅಂತ ತಿಳಿಯಲು ಹೋಗಿ ನಾನು ಎರಡು ದೇಶಗಳ ನಡುವಿನ ಮಾತುಕತೆಯ ದೊಡ್ಡ ಕಥೆಯೊಳಗೆ ಇಳಿದೆ. ಓದುತ್ತಾ ಹೋದಷ್ಟೂ ನನಗೆ ಬೇಜಾರಾಗಿದ್ದು ಹಡಗು ಹಿಡಿದವರ ಬಗ್ಗೆ ಅಲ್ಲ. ಹಡಗಿನವರ ಪರವಾಗಿ ಮಾತಾಡಲು ಹೋದವರ ಬಗ್ಗೆ.

ಒಂದು ಕಾಗದ ಇಲ್ಲ ಅಂತ

1793ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧ ಶುರುವಾಯಿತು. ಅಮೆರಿಕ ತಾನು ಯಾರ ಪರವೂ ಇಲ್ಲ ಅಂದಿತು. ಹಾಗೆ ಅನ್ನುವುದು ಸುಲಭವಿರಲಿಲ್ಲ. 1778ರಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ಅದು ಫ್ರಾನ್ಸ್ ಜೊತೆ ಎರಡು ಒಪ್ಪಂದ ಮಾಡಿಕೊಂಡಿತ್ತು. ಒಂದು ವ್ಯಾಪಾರದ್ದು. ಇನ್ನೊಂದು ಸ್ನೇಹ ಮತ್ತು ರಕ್ಷಣೆಯದ್ದು. ಎರಡನೆಯದರಲ್ಲಿ ಅಮೆರಿಕ ಖಂಡದಲ್ಲಿರುವ ಫ್ರೆಂಚ್ ನೆಲವನ್ನು ಶಾಶ್ವತವಾಗಿ ಕಾಪಾಡುತ್ತೇವೆ ಅಂತ ಮಾತು ಕೊಟ್ಟಿತ್ತು. ಅಂದರೆ ವೆಸ್ಟ್ ಇಂಡೀಸಿನ ಸಕ್ಕರೆ ದ್ವೀಪಗಳನ್ನೂ ಸೇರಿಸಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಸಣ್ಣ ಬಂದರುಗಳಿಂದ ಒಣಮೀನು, ಹಿಟ್ಟು, ಮರ ತುಂಬಿಕೊಂಡು ಹಡಗುಗಳು ಈ ದ್ವೀಪಗಳಿಗೆ ಹೋಗುತ್ತಿದ್ದವು. ಸಕ್ಕರೆ, ಕಾಫಿ, ಕಾಕಂಬಿ ಹೊತ್ತು ಬರುತ್ತಿದ್ದವು. ಎಷ್ಟೋ ಹಡಗುಗಳು ಒಂದೊಂದು ಕುಟುಂಬದ್ದು, ಇಲ್ಲಾ ಊರಿನ ನಾಲ್ಕಾರು ಜನ ಪಾಲು ಹಾಕಿದ್ದು. ಮೊದಲು ಬ್ರಿಟಿಷರು ಹಿಡಿದರು. ಆಮೇಲೆ ಫ್ರೆಂಚರು. ಅಮೆರಿಕ 1794ರಲ್ಲಿ ಬ್ರಿಟನ್ ಜೊತೆ ಜೇ ಒಪ್ಪಂದ ಮಾಡಿಕೊಂಡ ಮೇಲಂತೂ ಫ್ರಾನ್ಸಿಗೆ ಸಿಟ್ಟು ನೆತ್ತಿಗೇರಿತು. 1797ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಿಂದ ಒಂದು ಆಜ್ಞೆ ಹೊರಟಿತು. ಹಡಗಿನಲ್ಲಿ ಸಿಬ್ಬಂದಿಯ ಪಟ್ಟಿ ಇರಬೇಕು, ಅದು ಇಂಥದೇ ನಮೂನೆಯಲ್ಲಿ ಇರಬೇಕು, ಇಲ್ಲದಿದ್ದರೆ ಹಡಗನ್ನು ಹಿಡಿಯಬಹುದು. ಅಮೆರಿಕದ ಹಡಗುಗಳು ಆ ನಮೂನೆಯ ಪಟ್ಟಿ ಇಟ್ಟುಕೊಳ್ಳುವ ರೂಢಿಯೇ ಇರಲಿಲ್ಲ. ಆ ವರ್ಷದ ಜೂನ್‌ನಲ್ಲಿ ವಿದೇಶಾಂಗ ಖಾತೆಯ ಟಿಮೊತಿ ಪಿಕರಿಂಗ್ ಸಂಸತ್ತಿಗೆ ಲೆಕ್ಕ ಒಪ್ಪಿಸಿದ. ಹಿಂದಿನ 11 ತಿಂಗಳಲ್ಲಿ 316 ಹಡಗುಗಳು ಫ್ರೆಂಚರ ಪಾಲಾಗಿದ್ದವು.

ಕಾಗದ ಇಲ್ಲ ಅಂತ ಹಡಗು ಹಿಡಿಯುವ ಪದ್ಧತಿ ನಮ್ಮ ಕರಾವಳಿಗೆ ಹೊಸದಲ್ಲ. 16ನೇ ಶತಮಾನದಿಂದ ಪೋರ್ಚುಗೀಸರು ಕಾರ್ತಾಸ್ ಅನ್ನುವ ಪರವಾನಗಿ ಚೀಟಿ ಇಲ್ಲದ ಹಡಗನ್ನು ಅರಬ್ಬೀ ಸಮುದ್ರದಲ್ಲಿ ಬಿಡುತ್ತಿರಲಿಲ್ಲ. ಭಟ್ಕಳ, ಹೊನ್ನಾವರ, ಬಸರೂರಿನ ವ್ಯಾಪಾರಿಗಳಿಗೆ ಅದರ ಕಾಟ ಚೆನ್ನಾಗಿ ಗೊತ್ತಿತ್ತು. ಚೀಟಿ ಇದ್ದರೂ ನಂಬಿಕೆ ಇರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿಯ ‘ರಹೀಮಿ’ ಹಡಗನ್ನೇ, ಚೀಟಿ ಇದ್ದರೂ, ಸೂರತ್ತಿನ ಹತ್ತಿರ ಹಿಡಿದರು. ಅದು ಬಾದಶಹನ ಮನೆಯ ಹಡಗು, ಹಾಗಾಗಿ ದೊಡ್ಡ ಗಲಾಟೆಯಾಯಿತು. ಸಾಮಾನ್ಯ ವ್ಯಾಪಾರಿಯ ಹಡಗಿಗೆ ಯಾರು ಸೈನ್ಯ ಕಳಿಸುತ್ತಾರೆ?

ಹಿಡಿದ ಹಡಗನ್ನು ಗ್ವಾಡಲೂಪ್‌ನಂಥ ದ್ವೀಪಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಹಿಡಿದವರು ಹೆಚ್ಚಾಗಿ ಸರ್ಕಾರದ ನೌಕಾಪಡೆಯವರಲ್ಲ. ಸರ್ಕಾರದ ಪರವಾನಗಿ ಪಡೆದ ಖಾಸಗಿ ಹಡಗಿನವರು. ಅಲ್ಲಿನ ನ್ಯಾಯಾಲಯ ‘ಸರಿಯಾಗಿ ಹಿಡಿದದ್ದು’ ಅಂತ ತೀರ್ಪು ಕೊಟ್ಟರೆ ಹಡಗು, ಸರಕು ಎರಡೂ ಹರಾಜಿಗೆ. ಕಪ್ತಾನನ ಕೈಯಲ್ಲಿ ಉಳಿಯುತ್ತಿದ್ದದ್ದು ಒಂದು ಹೇಳಿಕೆ ಪತ್ರ. ಎಲ್ಲಿ, ಯಾವಾಗ, ಯಾರು ಹಿಡಿದರು, ಒಳಗೆ ಏನಿತ್ತು ಅಂತ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಬರೆಸಿದ್ದು. ಸುಮಾರು 90 ವರ್ಷದ ಮೇಲೆ ಮೊಮ್ಮಕ್ಕಳು, ಮರಿಮಕ್ಕಳು ಕೋರ್ಟಿಗೆ ತಂದದ್ದು ಇಂಥ ಕಾಗದಗಳನ್ನೇ.

ಮೋರ್ಟ್‌ಫೊಂಟೆನ್‌ನ ಮೇಜು

ಬ್ರಿಟಿಷರು ಹಿಡಿದ ಹಡಗುಗಳ ವಿಷಯ ಹೇಗೋ ಬಗೆಹರಿಯಿತು. ಜೇ ಒಪ್ಪಂದದ 7ನೇ ವಿಧಿಯ ಪ್ರಕಾರ ಲಂಡನ್ನಿನಲ್ಲಿ ಐದು ಜನರ ಆಯೋಗ ಕೂತಿತು. ಎರಡು ಕಡೆಯಿಂದ ಇಬ್ಬಿಬ್ಬರು. ಐದನೆಯವನನ್ನು ಚೀಟಿ ಎತ್ತಿ ಆರಿಸಿದರು. ಬಂದದ್ದು ಜಾನ್ ಟ್ರಂಬುಲ್ ಹೆಸರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರಸಿದ್ಧ ಚಿತ್ರ ಬರೆದ ಅದೇ ಕಲಾವಿದ! ಜಗಳವಾಯಿತು, ನಡುವೆ ಕೆಲಸ ವರ್ಷಗಟ್ಟಲೆ ನಿಂತಿತು. ಆದರೆ 1804ರ ಹೊತ್ತಿಗೆ ಕೆಲಸ ಮುಗಿಯಿತು. ಅಮೆರಿಕದ ವ್ಯಾಪಾರಿಗಳಿಗೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಸಿಕ್ಕಿತು. ಹಡಗು ಕಳೆದುಕೊಂಡವನು ಬದುಕಿರುವಾಗಲೇ ಸಿಕ್ಕಿತು. ಇದು ದೊಡ್ಡ ಮಾತು.

ಫ್ರಾನ್ಸ್ ಜೊತೆ ಹಾಗಾಗಲಿಲ್ಲ. 1797ರಲ್ಲಿ ಹೋದ ಮೂವರು ರಾಯಭಾರಿಗಳ ಹತ್ತಿರ ಫ್ರಾನ್ಸಿನ ವಿದೇಶಾಂಗ ಮಂತ್ರಿ ಟ್ಯಾಲಿರಾಂಡನ ಏಜೆಂಟರು ಲಂಚ ಕೇಳಿದರು. ಸುದ್ದಿ ಹೊರಬಂದು ಅಮೆರಿಕ ಕೊತಕೊತ ಕುದಿಯಿತು. 1798ರ ಜುಲೈನಲ್ಲಿ ಹಳೆಯ ಒಪ್ಪಂದಗಳು ಮುಗಿದವು ಅಂತ ಸಂಸತ್ತು ಘೋಷಿಸಿತು. ಎರಡು ವರ್ಷ ಸಮುದ್ರದಲ್ಲಿ ಘೋಷಣೆಯಿಲ್ಲದ ಯುದ್ಧ ನಡೆಯಿತು. ಕಡೆಗೆ ಹೊಸ ಮೂವರು ಹೋದರು: ಆಲಿವರ್ ಎಲ್ಸ್‌ವರ್ತ್, ವಿಲಿಯಂ ಡೇವಿ, ವಿಲಿಯಂ ವ್ಯಾನ್ಸ್ ಮರ್ರೇ. ಇವರಿಗೆ ಇದ್ದ ಮುಖ್ಯ ಸೂಚನೆ, ಹಡಗುಗಳಿಗೆ ಪರಿಹಾರ ತನ್ನಿ ಅಂತ. ಎದುರಿಗೆ ಕೂತವರಲ್ಲಿ ನೆಪೋಲಿಯನ್ನನ ಅಣ್ಣ ಜೋಸೆಫ್ ಬೋನಪಾರ್ಟ್ ಇದ್ದ.

ಫ್ರೆಂಚರು ‘ಹಡಗು ಹಿಡಿಯಲೇ ಇಲ್ಲ’ ಅನ್ನಲಿಲ್ಲ. ಅವರು ಅಂದದ್ದು ಬೇರೆ. ಪರಿಹಾರ ಬೇಕಾದರೆ 1778ರ ಒಪ್ಪಂದ ಇನ್ನೂ ಇದೆ ಅಂತ ಒಪ್ಪಿ. ಆ ಒಪ್ಪಂದ ಇಲ್ಲ ಅನ್ನುವುದಾದರೆ ಪರಿಹಾರವೂ ಇಲ್ಲ. ಅಮೆರಿಕ ಸಿಕ್ಕಿಕೊಂಡಿತು. ಒಪ್ಪಂದ ಇದೆ ಅಂದರೆ ಫ್ರೆಂಚ್ ದ್ವೀಪಗಳನ್ನು ಕಾಪಾಡಬೇಕು, ಬ್ರಿಟನ್ ಜೊತೆ ಯುದ್ಧಕ್ಕೆ ಇಳಿಯಬೇಕಾಗಬಹುದು. ತಿಂಗಳುಗಟ್ಟಲೆ ಮಾತಾಡಿದರೂ ದಾರಿ ಸಿಗಲಿಲ್ಲ. 1800ರ ಸೆಪ್ಟೆಂಬರ್ 30ರಂದು ಒಪ್ಪಂದವೇನೋ ಆಯಿತು, ಜೋಸೆಫನ ಮೋರ್ಟ್‌ಫೊಂಟೆನ್ ಬಂಗಲೆಯಲ್ಲಿ ಸಂಭ್ರಮವೂ ಆಯಿತು. ಆದರೆ 2ನೇ ವಿಧಿಯಲ್ಲಿ ಹೀಗೆ ಬರೆದರು: ಹಳೆಯ ಒಪ್ಪಂದ ಮತ್ತು ಪರಿಹಾರ, ಎರಡರ ಬಗ್ಗೆಯೂ ಈಗ ಒಮ್ಮತವಾಗುತ್ತಿಲ್ಲ, ಅನುಕೂಲವಾದ ಕಾಲದಲ್ಲಿ ಮತ್ತೆ ಮಾತಾಡೋಣ.

ಅಷ್ಟಕ್ಕೇ ಬಿಟ್ಟಿದ್ದರೆ ಕೇಳುವ ಹಕ್ಕಾದರೂ ಉಳಿಯುತ್ತಿತ್ತು. ಅಮೆರಿಕದ ಸೆನೆಟ್‌ಗೆ ಆ 2ನೇ ವಿಧಿಯೇ ಬೇಡವಾಯಿತು. ಹಳೆಯ ಒಪ್ಪಂದದ ಭೂತ ಮತ್ತೆ ಬರಬಾರದು ಅಂತ ಅದನ್ನು ಹೊಡೆದುಹಾಕಿತು. ನೆಪೋಲಿಯನ್ ಸರಿ ಅಂದ, ಒಂದು ಸಾಲು ಸೇರಿಸಿದ. ಈ ವಿಧಿ ತೆಗೆದರೆ ಅದರಲ್ಲಿರುವ ಬೇಡಿಕೆಗಳನ್ನು ಎರಡೂ ದೇಶ ಬಿಟ್ಟುಕೊಟ್ಟಂತೆ. 1801ರ ಡಿಸೆಂಬರ್‌ನಲ್ಲಿ ಸೆನೆಟ್ ಅದನ್ನೂ ಒಪ್ಪಿತು.

ಇಲ್ಲಿ ಆದದ್ದೇನು ನೋಡಿ. ಫ್ರಾನ್ಸ್ ಬಿಟ್ಟದ್ದು ದೇಶದ ಮೇಲಿನ ಬೇಡಿಕೆ: ನಮ್ಮ ದ್ವೀಪ ಕಾಪಾಡಿ ಅನ್ನುವುದು. ಅಮೆರಿಕ ಬಿಟ್ಟದ್ದು ತನ್ನದಲ್ಲದ್ದು: ಗ್ಲಾಸ್ಟರ್, ಸೇಲಂ, ಬಾಲ್ಟಿಮೋರ್‌ನ ಜನರ ಹಡಗು, ಮೀನು, ಸಕ್ಕರೆ. ಇಡೀ ದೇಶ ಒಂದು ಯುದ್ಧದ ಅಪಾಯದಿಂದ ಪಾರಾಯಿತು. ಅದರ ಬೆಲೆ ಕೊಟ್ಟವರು ಕೆಲವೇ ಬಂದರುಗಳ ಕೆಲವೇ ಕುಟುಂಬಗಳು. ಯುದ್ಧ ತಪ್ಪಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆಗಿನ ಅಮೆರಿಕ ಇನ್ನೂ ಎಳೆಯ ದೇಶ. ಬುದ್ಧಿವಂತಿಕೆಯ ನಿರ್ಧಾರವೇ ಇರಬಹುದು. ಆದರೆ ಅವತ್ತೇ ಆ ಕುಟುಂಬಗಳನ್ನು ಕರೆದು ‘ನಿಮ್ಮದನ್ನು ನಾವು ಬಳಸಿಕೊಂಡಿದ್ದೇವೆ, ಇಷ್ಟು ನಿಮಗೆ ಬರಬೇಕು’ ಅನ್ನಬೇಕಿತ್ತು. ಅನ್ನಲಿಲ್ಲ. ವಿಷಯ ಸರ್ಕಾರಕ್ಕೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. 1804ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಮ್ಯಾಡಿಸನ್, ಮ್ಯಾಡ್ರಿಡ್‌ನಲ್ಲಿದ್ದ ತನ್ನ ರಾಯಭಾರಿಗೆ ಬರೆದ ಪತ್ರದಲ್ಲಿ ಇದನ್ನು ಬಿಚ್ಚಿಯೇ ಹೇಳಿದ್ದಾನೆ. ಫ್ರಾನ್ಸ್ ಈ ಬಾಕಿಯನ್ನು ಒಪ್ಪಿಕೊಂಡಿತ್ತು, ಅದನ್ನು ಬಿಟ್ಟುಕೊಟ್ಟಿದ್ದಕ್ಕೆ ನಮಗೆ ತಕ್ಕ ಪ್ರತಿಫಲ ಸಿಕ್ಕಿತು ಅಂತ. ನಮಗೆ ಅಂದರೆ ದೇಶಕ್ಕೆ.

ಅಮ್ಮ ಕೇಳಿದ್ದು

ನಾನು ಬಾಸ್ಟನ್ ಕಡೆ ಕೆಲಸದಲ್ಲಿದ್ದಾಗ ಅಮ್ಮ ಬಂದಿದ್ದರು. ಒಂದು ಭಾನುವಾರ ಸೇಲಂಗೆ ಕರೆದುಕೊಂಡು ಹೋದೆ. ಅಲ್ಲಿ ಡರ್ಬಿ ವಾರ್ಫ್ ಅನ್ನುವ ಉದ್ದನೆಯ ಹಳೆಯ ಧಕ್ಕೆ ಇದೆ. ಪಕ್ಕದಲ್ಲಿ ‘ಫ್ರೆಂಡ್‌ಶಿಪ್’ ಅನ್ನುವ ಮೂರು ಕಂಬದ ಹಡಗು ಕಟ್ಟಿ ನಿಲ್ಲಿಸಿದ್ದಾರೆ. ಅದು ಪ್ರತಿಕೃತಿ. ಮೂಲ ಹಡಗು ಕಟ್ಟಿದ್ದು 1797ರಲ್ಲಿ, ಅಂದರೆ ಫ್ರೆಂಚರ ಕಾಟ ಜೋರಾಗಿದ್ದ ವರ್ಷವೇ. ಅದು ಮದ್ರಾಸಿಗೂ ಹೋಗಿ ಬಂದಿತ್ತು. ಅಮ್ಮ ಗಂಗೊಳ್ಳಿಯವರು. ಅವರ ಅಪ್ಪ, ನಮ್ಮ ಅಜ್ಜಯ್ಯ, ಹಂಚು ಸಾಗಿಸುವ ಮಂಜಿಯ (ಹಾಯಿಹಡಗಿನ) ಒಬ್ಬ ಧಣಿಯ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಹಾಗಾಗಿ ಅಮ್ಮ ಬೇರೆ ಪ್ರವಾಸಿಗಳ ಹಾಗೆ ಫೋಟೋ ತೆಗೆಸಿಕೊಂಡು ಹೊರಡಲಿಲ್ಲ. ಹಗ್ಗ ನೋಡಿದರು, ಹಲಗೆಯ ಜೋಡಣೆ ನೋಡಿದರು. ಇದರಲ್ಲಿ ಎಷ್ಟು ಜನ ಖಲಾಸಿಗಳು ಇರುತ್ತಿದ್ದರು ಅಂತ ಕೇಳಿದರು. ಈ ಹಡಗನ್ನು 1812ರ ಯುದ್ಧದಲ್ಲಿ ಬ್ರಿಟಿಷರು ಹಿಡಿದರು ಅಂತ ನಾನು ಬೋರ್ಡ್ ಓದಿ ಹೇಳಿದೆ.

“ಹಂಗಾರೆ ಧಣಿಗೆ ದುಡ್ಡ್ ಬಂತಾ ಮಗಾ?”

ಆಗ ನನಗೆ ತಿಳಿದಷ್ಟು ಹೇಳಿದೆ. ಅದು ಯುದ್ಧದಲ್ಲಿ ಶತ್ರುವಿನ ಹಡಗು, ಹಿಡಿದರೆ ಹೋಯಿತು, ಆಗಿನ ಕಾನೂನೇ ಹಾಗೆ. ಪರಿಹಾರದ ಮಾತು ಬರುವುದು ಯಾರ ಪಕ್ಷವೂ ಅಲ್ಲದ ದೇಶದ ಹಡಗು ಹಿಡಿದಾಗ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ್ ಖಲಾಸಿಗಳಿಗೆ?” ಅಂದರು.

ಈ ಎರಡನೇ ಪ್ರಶ್ನೆಗೆ ನಾನು ಓದಿದ ಕಾಗದಗಳಲ್ಲಿ ಉತ್ತರ ತೀರಾ ಕಡಿಮೆ. ದಾವೆ ಹಾಕಿದವರು ಹಡಗಿನ ಮಾಲೀಕರು, ಸರಕಿನ ಮಾಲೀಕರು, ವಿಮೆಗಾರರು. ಹಡಗಿನ ಬೆಲೆ, ಸರಕಿನ ಬೆಲೆ, ಬಾಡಿಗೆ, ವಿಮೆಯ ಕಂತು, ಇದಕ್ಕೆಲ್ಲ ಲೆಕ್ಕ ಇದೆ. ಹಗ್ಗ ಎಳೆದವನು ಗ್ವಾಡಲೂಪ್‌ನಿಂದ ಹೇಗೆ ಊರಿಗೆ ಬಂದ, ಬಂದನೋ ಇಲ್ಲವೋ, ಅದು ಲೆಕ್ಕದಲ್ಲಿ ಬರುವುದಿಲ್ಲ. ರಾಯಭಾರಿಗಳ ಮೇಜಿನವರೆಗೂ ಹೋದದ್ದು ಬೆಲೆ ಕಟ್ಟಲು ಬಂದ ನಷ್ಟ ಮಾತ್ರ.

ಅದೇ ಫ್ರಾನ್ಸ್, ಬೇರೆ ಹಡಗು

ಈ ಕಥೆಯಲ್ಲಿ ನನಗೆ ಹೆಚ್ಚು ನೋವಾದ ಭಾಗ ಇದು. ನೆಪೋಲಿಯನ್ ಕಾಲದಲ್ಲಿ ಫ್ರಾನ್ಸ್ ಮತ್ತೆ ಅಮೆರಿಕದ ಹಡಗುಗಳನ್ನು ಹಿಡಿಯಿತು. 1806ರಲ್ಲಿ ಬರ್ಲಿನ್ ಆಜ್ಞೆ, 1807ರಲ್ಲಿ ಮಿಲಾನ್ ಆಜ್ಞೆ. 1808ರ ಬಯಾನ್ ಆಜ್ಞೆ ಇನ್ನೂ ವಿಚಿತ್ರ. ಅಮೆರಿಕ ತನ್ನ ಹಡಗುಗಳಿಗೆ ಹೊರಗೆ ಹೋಗಬೇಡಿ ಅಂದಿದೆ, ಆದ್ದರಿಂದ ಅಮೆರಿಕದ ಬಾವುಟ ಹಾರಿಸಿಕೊಂಡು ಬಂದದ್ದೆಲ್ಲ ವೇಷ ಹಾಕಿದ ಬ್ರಿಟಿಷ್ ಹಡಗು ಅನ್ನುವುದು ಅವರ ವಾದ! ಈ ನಷ್ಟಕ್ಕೆ ಅಮೆರಿಕದ ರಾಯಭಾರಿ ಆಲ್ಬರ್ಟ್ ಗ್ಯಾಲಟಿನ್ 1816ರಿಂದ ಏಳು ವರ್ಷ ಪ್ಯಾರಿಸ್‌ನಲ್ಲಿದ್ದು ಕೇಳಿದ. ಬರಿಗೈಯಲ್ಲಿ ವಾಪಸ್ಸಾದ. ಫ್ರೆಂಚರು ಪ್ರತಿಸಲವೂ ಬೇರೆ ಬಾಕಿಗಳನ್ನು ಎದುರಿಗಿಡುತ್ತಿದ್ದರು. ಅದರಲ್ಲಿ ನಾಟಕಕಾರ ಬೋಮಾರ್ಶೆಯ ವಾರಸುದಾರರದ್ದೂ ಒಂದು. ಸ್ವಾತಂತ್ರ್ಯ ಯುದ್ಧಕ್ಕೆ ಅವನು ಕಳಿಸಿದ ಬಂದೂಕು, ಮದ್ದಿನ ದುಡ್ಡು ಅಮೆರಿಕ ಪೂರ್ತಿ ಕೊಟ್ಟಿರಲಿಲ್ಲ.

ಕಡೆಗೆ 1831ರ ಜುಲೈ 4ರಂದು ಅಮೆರಿಕದ ರಾಯಭಾರಿ ವಿಲಿಯಂ ರೈವ್ಸ್ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ. ಫ್ರಾನ್ಸ್ 25 ಮಿಲಿಯನ್ ಫ್ರಾಂಕ್ ಕೊಡಬೇಕು, ಆರು ಕಂತಿನಲ್ಲಿ. ಅಮೆರಿಕ ಫ್ರೆಂಚರ ಬಾಕಿಗೆ ಒಂದೂವರೆ ಮಿಲಿಯನ್ ಫ್ರಾಂಕ್ ಕೊಡಬೇಕು, ಫ್ರೆಂಚ್ ವೈನ್ ಮೇಲಿನ ಸುಂಕ ಇಳಿಸಬೇಕು. 1833ರ ಫೆಬ್ರವರಿಯಲ್ಲಿ ಮೊದಲ ಕಂತಿನ ಗಡುವು ಬಂತು. ಅಮೆರಿಕ ಹುಂಡಿ ಬರೆದು ಕಳಿಸಿತು. ಹುಂಡಿ ವಾಪಸ್ ಬಂತು, ಫ್ರೆಂಚ್ ಸಂಸತ್ತು ದುಡ್ಡೇ ಮಂಜೂರು ಮಾಡಿರಲಿಲ್ಲ. 1834ರ ಏಪ್ರಿಲ್ 1ರಂದು ಮತಕ್ಕೆ ಹಾಕಿದರು. 168 ಪರ, 176 ವಿರುದ್ಧ. ವಿದೇಶಾಂಗ ಮಂತ್ರಿ ಬ್ರೋಯಿ ರಾಜೀನಾಮೆ ಕೊಟ್ಟ.

ಆಗ ಅಧ್ಯಕ್ಷನಾಗಿದ್ದವನು ಆಂಡ್ರೂ ಜಾಕ್ಸನ್. 1834ರ ಡಿಸೆಂಬರ್ ಭಾಷಣದಲ್ಲಿ ಫ್ರೆಂಚರ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳಲು ಕಾನೂನು ಮಾಡಿ ಅಂತ ಸಂಸತ್ತಿಗೆ ಹೇಳಿದ. ಫ್ರಾನ್ಸ್ ತನ್ನ ರಾಯಭಾರಿಯನ್ನು ವಾಪಸ್ ಕರೆಸಿತು. ಮುಂದಿನ ವರ್ಷ ದುಡ್ಡು ಮಂಜೂರು ಮಾಡಿತು, ಆದರೆ ಜಾಕ್ಸನ್ ತನ್ನ ಮಾತಿಗೆ ವಿವರಣೆ ಕೊಡಬೇಕು ಅಂತ ಷರತ್ತು ಹಾಕಿತು. ಕ್ಷಮೆ ಕೇಳಿ ದೇಶದ ಮಾನ ಕಳೆಯುವುದಿಲ್ಲ ಅಂತ ಅವನು. ಆದರೆ ಅದೇ 1835ರ ಡಿಸೆಂಬರ್ ಭಾಷಣದಲ್ಲಿ, ಫ್ರಾನ್ಸನ್ನು ಬೆದರಿಸುವ ಅಥವಾ ಅವಮಾನಿಸುವ ಉದ್ದೇಶ ತನಗಿರಲಿಲ್ಲ ಅಂತಲೂ ಸೇರಿಸಿದ. ಬ್ರಿಟನ್ ಮಧ್ಯಸ್ಥಿಕೆಗೆ ಬಂತು. ಆ ಒಂದು ಮಾತನ್ನೇ ವಿವರಣೆ ಅಂತ ತೆಗೆದುಕೊಂಡು ಫ್ರಾನ್ಸ್ 1836ರಲ್ಲಿ ದುಡ್ಡು ಕೊಡಲು ಶುರು ಮಾಡಿತು. ಎರಡು ದೇಶಗಳು ಯುದ್ಧದ ಅಂಚಿಗೆ ಹೋಗಿ ಬಂದದ್ದು ಹೀಗೆ. ಮಾನ ಉಳಿಸಿಕೊಂಡು ಹಿಂದೆ ಸರಿಯಲು ಇಬ್ಬರಿಗೂ ಒಂದು ದಾರಿ ಮಾಡಿಕೊಟ್ಟ ಆ ಕೆಲಸವನ್ನು ನಾನು ನಿಜಕ್ಕೂ ಮೆಚ್ಚುತ್ತೇನೆ. ಹಡಗಿನವರಿಗೆ ಅಮೆರಿಕದ ಆಯೋಗ ಒಪ್ಪಿದ ನಷ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ಪೂರ್ತಿ ಅಲ್ಲ, ಆದರೂ ಸಿಕ್ಕಿತು.

ಈಗ ಒಂದೇ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪನ ಹಡಗನ್ನು 1798ರಲ್ಲಿ ಹಿಡಿದರು. ಮಗನ ಹಡಗನ್ನು 1809ರಲ್ಲಿ. ಹಿಡಿದದ್ದು ಅದೇ ದೇಶ. ಮಗನ ನಷ್ಟಕ್ಕಾಗಿ ಅಧ್ಯಕ್ಷ ಯುದ್ಧಕ್ಕೂ ಸಿದ್ಧ ಅನ್ನುತ್ತಾನೆ. ಅಪ್ಪನ ನಷ್ಟದ ಮಾತೆತ್ತಿದರೆ, ಅದು 1801ರಲ್ಲೇ ಮುಗಿದ ವಿಷಯ.

ಉಪಕಾರ ಅಂತ ಕೊಟ್ಟದ್ದು

ಹಳೆಯ ಹಡಗಿನವರ ಮೊದಲ ಅರ್ಜಿ 1802ರಲ್ಲೇ ಸಂಸತ್ತಿಗೆ ಹೋಗಿತ್ತು. ಆಮೇಲೆ ಎಷ್ಟು ಸಮಿತಿ, ಎಷ್ಟು ವರದಿ! 1835ರಲ್ಲಿ ಡೇನಿಯಲ್ ವೆಬ್‌ಸ್ಟರ್ ಸೆನೆಟ್‌ನಲ್ಲಿ ಇವರ ಪರ ವಾದಿಸಿದ. 1846ರಲ್ಲಿ ಎರಡೂ ಸದನ ಒಪ್ಪಿದವು, ಅಧ್ಯಕ್ಷ ಪೋಕ್ ತಡೆದ. ಆಗ ಮೆಕ್ಸಿಕೋ ಯುದ್ಧ ನಡೆಯುತ್ತಿತ್ತು. 1855ರಲ್ಲಿ ಮತ್ತೆ ಒಪ್ಪಿದವು, ಪಿಯರ್ಸ್ ತಡೆದ. ಇಷ್ಟು ಹಳೆಯದು, ಇಷ್ಟು ಸಲ ತಿರಸ್ಕಾರವಾದದ್ದು ಅನ್ನುವುದೂ ಒಂದು ವಾದವಾಗಿತ್ತು. ಇದು ನನಗೆ ಸಹಿಸಲಾಗದ ವಾದ. ತಡ ಮಾಡಿದವನೇ ತಡವಾಯಿತು ಅಂತ ಬಾಗಿಲು ಹಾಕಬಹುದಾ?

1885ರಲ್ಲಿ ಕೊನೆಗೂ ಕಾನೂನಾಯಿತು. ಕೋರ್ಟ್ ಆಫ್ ಕ್ಲೇಮ್ಸ್ ಅನ್ನುವ ನ್ಯಾಯಾಲಯ ದಾವೆಗಳನ್ನು ಕೇಳಿ ಸಂಸತ್ತಿಗೆ ವರದಿ ಕೊಡಬೇಕು, ಅಷ್ಟೇ. ದುಡ್ಡು ಕೊಡಿ ಅಂತ ಆಜ್ಞೆ ಮಾಡುವಂತಿಲ್ಲ. ಮರುವರ್ಷ ಗ್ರೇ ಕೇಸಿನಲ್ಲಿ ನ್ಯಾಯಾಧೀಶ ಜಾನ್ ಡೇವಿಸ್ ಇಡೀ ಇತಿಹಾಸವನ್ನು ಮೊದಲಿಂದ ಬಿಡಿಸಿಟ್ಟ. ಬಾಕಿ ನಿಜ ಇತ್ತು, ಫ್ರಾನ್ಸ್ ಕೊಡಬೇಕಿತ್ತು, ದೇಶ ಅದನ್ನು ತನ್ನ ಲಾಭಕ್ಕೆ ಬಿಟ್ಟುಕೊಟ್ಟಿತು. ಜನರ ಆಸ್ತಿಯನ್ನು ದೇಶದ ಕೆಲಸಕ್ಕೆ ತೆಗೆದುಕೊಂಡರೆ ಪರಿಹಾರ ಕೊಡಬೇಕು ಅಂತ ಸಂವಿಧಾನವೇ ಹೇಳುತ್ತದೆ, ಆದ್ದರಿಂದ ದೇಶವೇ ಕೊಡಬೇಕು. ನಾನು ಓದಿದ ಕಾನೂನಿನ ಬರಹಗಳಲ್ಲಿ ಇಷ್ಟು ನೇರವಾಗಿ ಎದೆಗೆ ತಾಗಿದ್ದು ಕಡಿಮೆ.

1891ರಲ್ಲಿ ಸಂಸತ್ತು ಮೊದಲ ದುಡ್ಡು ಬಿಡುಗಡೆ ಮಾಡಿತು, ಸುಮಾರು 13 ಲಕ್ಷ ಡಾಲರ್. 1896ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಮತ್ತೆ ತಡೆದ. ಆಮೇಲೆ 1899, 1902, 1905ರಲ್ಲಿ ಅಷ್ಟಿಷ್ಟು ಬಂತು. 1891ರ ಕಾನೂನಿನಲ್ಲಿ ಒಂದು ಷರತ್ತಿತ್ತು. ದುಡ್ಡು ಹಡಗಿನವರ ಹತ್ತಿರದ ರಕ್ತಸಂಬಂಧಿಗಳಿಗೇ ಹೋಗಬೇಕು. ಹಡಗು ಹೋಗಿ ದಿವಾಳಿಯಾದವನಿಗೆ ಸಾಲ ಕೊಟ್ಟವರಿಗೆ ಇಲ್ಲ. 1896ರಲ್ಲಿ ಬ್ಲ್ಯಾಗ್ ವಿರುದ್ಧ ಬಾಲ್ಚ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕಾರಣ, ಈ ದುಡ್ಡು ಹಕ್ಕಿನಿಂದ ಬಂದದ್ದಲ್ಲ, ಸಂಸತ್ತು ಉಪಕಾರವಾಗಿ ಕೊಟ್ಟದ್ದು. ಅಮ್ಮನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಧಣಿಗೆ ಬರಲಿಲ್ಲ. ಧಣಿಯನ್ನು ಕಣ್ಣಲ್ಲಿ ನೋಡಿರದ ಮರಿಮಕ್ಕಳಿಗೆ ಬಂತು, ಅದೂ ಉಪಕಾರ ಅನ್ನುವ ಹೆಸರಲ್ಲಿ. ಡೇವಿಸ್ ಹಕ್ಕು ಅಂದದ್ದನ್ನು ಸಂಸತ್ತು ಕೊನೆಗೂ ಹಕ್ಕು ಅಂತ ಒಪ್ಪಲಿಲ್ಲ.

ಇದೆಲ್ಲ ಮುಗಿದ ಕಥೆ ಅಲ್ಲ. 1979ರಲ್ಲಿ ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಟುಕೊಂಡಾಗ, ಅವರನ್ನು ಬಿಡಿಸಲು 1981ರಲ್ಲಿ ಒಪ್ಪಂದವಾಯಿತು. ಅದರ ಪ್ರಕಾರ ಇರಾನ್ ಮೇಲೆ ಅಮೆರಿಕದ ಕಂಪನಿಗಳು ತಮ್ಮ ಕೋರ್ಟುಗಳಲ್ಲಿ ಹಾಕಿದ್ದ ದಾವೆಗಳನ್ನು ಅಧ್ಯಕ್ಷ ನಿಲ್ಲಿಸಿ, ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಕಳಿಸಿದ. ಒಂದು ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಧ್ಯಕ್ಷನಿಗೆ ಆ ಅಧಿಕಾರ ಇದೆ ಅಂತ ಕೋರ್ಟ್ ಹೇಳಿತು. ಅದಕ್ಕೆ ಕೊಟ್ಟ ಹಳೆಯ ಉದಾಹರಣೆ ಒಂದು ಹಡಗಿನದ್ದೇ. ‘ವಿಲ್ಮಿಂಗ್ಟನ್ ಪ್ಯಾಕೆಟ್’ ಅನ್ನುವ ಹಡಗನ್ನು ಡಚ್ಚರು ಹಿಡಿದಾಗ, 1799ರಲ್ಲಿ ಸರ್ಕಾರಗಳೇ ಮಾತಾಡಿ ಬಗೆಹರಿಸಿದ್ದು. ಆಗ ಹೇಗ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ವ್ಯಾನ್ಸ್ ಮರ್ರೇ, ಮರುವರ್ಷ ಫ್ರೆಂಚರ ಎದುರು ಕೂತ ಅದೇ ಮನುಷ್ಯ. ಹಾಗೆ ದಾವೆ ನಿಲ್ಲಿಸಿದ್ದು ಜನರ ಆಸ್ತಿ ತೆಗೆದುಕೊಂಡಂತೆ ಆಗುತ್ತದಾ, ಆದರೆ ಸರ್ಕಾರ ಪರಿಹಾರ ಕೊಡಬೇಕಾ? ಆ ಪ್ರಶ್ನೆ ಕೇಳುವ ಕಾಲ ಇನ್ನೂ ಬಂದಿಲ್ಲ ಅಂದಿತು ಕೋರ್ಟ್. ಬಂದಾಗ ಕೋರ್ಟ್ ಆಫ್ ಕ್ಲೇಮ್ಸ್‌ನ ಬಾಗಿಲು ತೆರೆದಿದೆ ಅಂತಲೂ ಸೇರಿಸಿತು.